ಬೆನ್ನೆಲುಬಿನ ಕೀಹೋಲ್ ಶಸ್ತ್ರಚಿಕಿತ್ಸೆಗೆ ಎಆರ್ ಕನ್ನಡಕ: ಹೆಚ್ಚಿನ ಹಣ ಕೊಡುವಷ್ಟು ಪ್ರಯೋಜನವಿದೆಯೇ?

ಸೇಡಂ ಮಾಸ್ತರ (ಪ್ರಶ್ನೆ)

ಎಲ್ಲರಿಗೂ ಶರಣು ಶರಣಾರ್ಥಿ.

ನಮ್ಮ ಅವ್ವನಿಗೆ 58 ವರ್ಷ. ಹೋದ ವರ್ಷದವರೆಗೂ ತೊಗರಿ ಹೊಲದಲ್ಲಿ ಕಳೆ ತೆಗೆಯಲು ಹೋಗುತ್ತಿದ್ದಳು. ಈಗ ಮನೆಯಿಂದ ಗುಡಿಯವರೆಗೆ ನಡೆಯುವಷ್ಟರಲ್ಲಿ ಎರಡೂ ಕಾಲುಗಳಿಗೆ ಜೋಮು ಹಿಡಿದು ದಾರಿಯ ಕಟ್ಟೆಯ ಮೇಲೆ ಕೂರುತ್ತಾಳೆ. ಕುಳಿತು ಸ್ವಲ್ಪ ಹೊತ್ತಾದರೆ ನೋವು ಇಳಿಯುತ್ತದೆ, ಎದ್ದು ನಡೆದರೆ ಮತ್ತೆ ಬರುತ್ತದೆ. ಮಣಕಾ ಸರಿದಿದೆ ಎಂದು ಊರಿನವರು ಹೇಳುತ್ತಿದ್ದರು, ಎಂಆರ್‌ಐ ವರದಿಯೂ ಹೆಚ್ಚುಕಡಿಮೆ ಅದನ್ನೇ ಹೇಳಿದೆ. ಸೊಂಟದ ನಾಲ್ಕನೆಯ ಮಣಿ ಐದನೆಯದರ ಮೇಲೆ ಮುಂದಕ್ಕೆ ಜಾರಿದೆ, ಜಾರಿಕೆ ಗ್ರೇಡ್ 1 (ಅಂದರೆ ಎಲ್ಲಕ್ಕಿಂತ ಕಡಿಮೆ ದರ್ಜೆಯದು), ಆ ಮಟ್ಟದಲ್ಲಿ ನರಗಳು ಹಾದುಹೋಗುವ ನಾಳ ಕಿರಿದಾಗಿದೆ.

ಹೈದರಾಬಾದಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ತೋರಿಸಿದೆವು. ದೊಡ್ಡದಾಗಿ ಕೊಯ್ಯದೆ, ಬೆನ್ನಿನ ಎರಡೂ ಬದಿಗೆ ಸಣ್ಣ ಗಾಯ ಮಾಡಿ ನಾಲ್ಕು ಸ್ಕ್ರೂ ಮತ್ತು ಎರಡು ಮಣಿಗಳ ನಡುವೆ ಒಂದು ಕೇಜ್ (ಮಣಿಗಳ ನಡುವಿನ ಜಾಗ ಹಿಡಿದಿಡುವ ಸಣ್ಣ ತುಂಡು) ಕೂರಿಸುವುದಾಗಿ ಅಲ್ಲಿನ ಡಾಕ್ಟರ್ ಸಾಹೇಬರು ಹೇಳಿದರು. ಆಮೇಲೆ ಬಿಲ್ಲಿಂಗ್ ವಿಭಾಗದವರು ಎರಡು ಅಂದಾಜು ಪಟ್ಟಿಗಳನ್ನು ಕೈಗಿತ್ತರು. ಒಂದು ಸಾಮಾನ್ಯ ವಿಧಾನದ್ದು; ಇನ್ನೊಂದು ‘ಆಗ್ಮೆಂಟೆಡ್ ರಿಯಾಲಿಟಿ’ಯದ್ದು (ಚಿಕ್ಕದಾಗಿ ಎಆರ್), ಅಂದರೆ ಸರ್ಜನ್ ವಿಶೇಷ ಕನ್ನಡಕ ಹಾಕಿಕೊಂಡು, ಚರ್ಮದ ಒಳಗಿನ ಮೂಳೆಯನ್ನು ಕಂಪ್ಯೂಟರ್ ಚಿತ್ರವಾಗಿ ಬೆನ್ನಿನ ಮೇಲೆಯೇ ನೋಡುತ್ತಾ ಸ್ಕ್ರೂ ಹಾಕುವುದು. ಎರಡರ ನಡುವಿನ ವ್ಯತ್ಯಾಸ ನಮ್ಮಂಥವರಿಗೆ ಸಣ್ಣ ಮೊತ್ತವೇನಲ್ಲ.

ಆ ಕನ್ನಡಕದಿಂದ ಅವ್ವನ ನಡಿಗೆಗೆ ಏನು ಲಾಭ ಎಂದು ಕೇಳಿದಾಗ ಅವರು ಕೊಟ್ಟ ಉತ್ತರ ಜಾಹೀರಾತಿನಂತೆ ಇತ್ತು. ಇದು ನಿಜಕ್ಕೂ ಅಪಾಯವನ್ನು ಕಡಿಮೆ ಮಾಡುವ ಸಾಧನವೇ ಅಥವಾ ಡಾಕ್ಟರರಿಗೆ ಅನುಕೂಲ ಮಾತ್ರವೇ, ಇದಿಲ್ಲದೆ ಮಾಡಿಸಿದರೆ ನಾವು ಅವ್ವನಿಗೆ ಕಡಿಮೆ ಮಾಡಿದಂತಾಗುತ್ತದೆಯೇ, ತಿಳಿದವರು ದಯವಿಟ್ಟು ಬರೆಯಿರಿ. ವೈದ್ಯರ ಸಲಹೆಗೆ ಬದಲಾಗಿ ಕೇಳುತ್ತಿಲ್ಲ, ಮುಂದಿನ ಸಲ ಅವರ ಎದುರು ಕುಳಿತಾಗ ಸರಿಯಾದ ಪ್ರಶ್ನೆ ಕೇಳುವಂತಾಗಲಿ ಎಂದು ಕೇಳುತ್ತಿದ್ದೇನೆ.

ಬೀದರ ಮೂಳೆವೈದ್ಯ

ಮಾಸ್ತರರೇ, ಬೆನ್ನೆಲುಬಿಗೆ ಸ್ಕ್ರೂ ಹಾಕುವುದನ್ನು ನಾನು ಕಲಿತದ್ದು ಮತ್ತು ಈಗಲೂ ಮಾಡುವುದು ಸಿ-ಆರ್ಮ್ ಎಕ್ಸ್‌ರೇ ಯಂತ್ರದ ಸಹಾಯದಿಂದ. ಎಆರ್ ಕನ್ನಡಕವನ್ನು ತರಬೇತಿ ಶಿಬಿರದಲ್ಲಿ ಪ್ಲಾಸ್ಟಿಕ್ ಬೆನ್ನೆಲುಬಿನ ಮೇಲೆ ಬಳಸಿ ನೋಡಿದ್ದೇನೆ, ರೋಗಿಯ ಮೇಲೆ ಬಳಸಿಲ್ಲ. ಈ ಮಿತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ಪ್ರತಿ ಕಶೇರುಮಣಿಯ ಹಿಂಭಾಗವನ್ನು ಮುಂಭಾಗದ ದಪ್ಪ ಮೂಳೆಗೆ ಕೂಡಿಸುವ ಗಿಡ್ಡನೆಯ ಮೂಳೆ ಎಡಕ್ಕೊಂದು ಬಲಕ್ಕೊಂದು ಇರುತ್ತದೆ. ಇದನ್ನು ಪೆಡಿಕಲ್ ಎನ್ನುತ್ತೇವೆ. ಸ್ಕ್ರೂ ಇದರೊಳಗೇ ಹಾಯ್ದು ಮುಂದಿನ ಮೂಳೆಯಲ್ಲಿ ಹಿಡಿತ ಪಡೆಯಬೇಕು. ಪೆಡಿಕಲ್‌ನ ಒಳಬದಿಯ ಗೋಡೆಯ ಆಚೆ ನರಗಳ ಚೀಲವಿದೆ, ಕೆಳಬದಿಗೆ ತಾಗಿಕೊಂಡೇ ನರದ ಬೇರು ಹೊರಬರುತ್ತದೆ. ಹೀಗಾಗಿ ಸ್ಕ್ರೂ ದಾರಿ ತಪ್ಪಿದರೆ ಯಾವ ದಿಕ್ಕಿಗೆ ತಪ್ಪಿತು ಮತ್ತು ಎಷ್ಟು ಮಿಲಿಮೀಟರ್ ತಪ್ಪಿತು ಎಂಬುದರ ಮೇಲೆ ಪರಿಣಾಮ ನಿಂತಿದೆ. 1990ರಲ್ಲಿ ಗೆರ್ಟ್ಸ್‌ಬೈನ್ ಮತ್ತು ರಾಬಿನ್ಸ್ ಎಂಬ ವೈದ್ಯರು ಕೊಟ್ಟ ಶ್ರೇಣಿಯನ್ನೇ ಇಂದಿಗೂ ಬಳಸುತ್ತೇವೆ: ಸ್ಕ್ರೂ ಪೂರ್ತಿ ಮೂಳೆಯೊಳಗಿದ್ದರೆ ಎ, 2 ಮಿ.ಮೀ.ಗಿಂತ ಕಡಿಮೆ ಹೊರಬಂದಿದ್ದರೆ ಬಿ, ಅಲ್ಲಿಂದ ಮುಂದೆ ಎರಡೆರಡು ಮಿಲಿಮೀಟರಿಗೆ ಒಂದೊಂದು ದರ್ಜೆ ಕೆಳಗೆ. ಎ ಮತ್ತು ಬಿ ಎರಡನ್ನೂ ಸ್ವೀಕಾರಾರ್ಹವೆಂದು ಎಣಿಸುವುದು ರೂಢಿ. ಜಾಹೀರಾತಿನಲ್ಲಿ ಶೇಕಡಾ ಇಷ್ಟು ನಿಖರತೆ ಎಂದು ಬರೆದಿದ್ದರೆ ಬಹುಮಟ್ಟಿಗೆ ಅದು ಈ ಎರಡರ ಮೊತ್ತವಾಗಿರುತ್ತದೆ.

ತೆರೆದ ಶಸ್ತ್ರಚಿಕಿತ್ಸೆಯಲ್ಲಿ ನಡುಬೆನ್ನಿನ ಸ್ನಾಯುಗಳನ್ನು ಮೂಳೆಯಿಂದ ಬಿಡಿಸಿ ಬದಿಗೆ ಸರಿಸುತ್ತೇವೆ. ಮೂಳೆಯ ಏರುತಗ್ಗುಗಳು ಕಣ್ಣಿಗೆ ಕಾಣುತ್ತವೆ, ಅವೇ ನಮಗೆ ಗುರುತು. ಕೀಹೋಲ್ ವಿಧಾನದಲ್ಲಿ, ನಮ್ಮ ಕಡೆ ದುರ್ಬೀನ್ ಆಪರೇಷನ್ ಎಂದು ಜನ ಇದನ್ನೂ ಅದೇ ಸಾಲಿಗೆ ಸೇರಿಸುತ್ತಾರೆ, ಸ್ನಾಯುವಿನ ಎಳೆಗಳನ್ನು ಕೊಳವೆಗಳಿಂದ ಹಿಗ್ಗಿಸಿ ನಡುವೆ ದಾರಿ ಮಾಡಿಕೊಳ್ಳುತ್ತೇವೆ. ರಕ್ತಸ್ರಾವ ಕಡಿಮೆ, ಸ್ನಾಯುವಿಗೆ ಪೆಟ್ಟು ಕಡಿಮೆ, ರೋಗಿ ಬೇಗ ಎದ್ದು ಓಡಾಡುತ್ತಾರೆ. ಆದರೆ ಆ ಗುರುತುಗಳು ಕಾಣುವುದಿಲ್ಲ, ಆದ್ದರಿಂದ ಚಿತ್ರವನ್ನೇ ನಂಬಬೇಕು. ಹಳೆಯ ಪದ್ಧತಿಯಲ್ಲಿ ಆ ಚಿತ್ರ ಸಿ-ಆರ್ಮ್‌ನ ಎಕ್ಸ್‌ರೇ: ಮುಂದಿನಿಂದೊಮ್ಮೆ, ಬದಿಯಿಂದೊಮ್ಮೆ ತೆಗೆಯುತ್ತಾ ಸೂಜಿ ಇಳಿಸುವುದು. ಸೀಸದ ಏಪ್ರನ್ ಹೊತ್ತು ನಿಂತವರಿಗೆ ಇದರ ಬೇಸರ ಗೊತ್ತು. ಅದಾದ ಮೇಲೆ ಬಂದದ್ದು ನ್ಯಾವಿಗೇಷನ್. ರೋಗಿ ಮೇಜಿನ ಮೇಲೆ ಬೋರಲಾಗಿ ಮಲಗಿರುವಾಗಲೇ ಓ-ಆರ್ಮ್‌ನಂಥ ಯಂತ್ರದಿಂದ ಸಿಟಿ ಮಾದರಿಯ ಚಿತ್ರ ತೆಗೆದು, ಉಪಕರಣದ ತುದಿ ಆ ಚಿತ್ರದಲ್ಲಿ ಎಲ್ಲಿದೆ ಎಂಬುದನ್ನು ಕ್ಯಾಮೆರಾ ಮೂಲಕ ಹಿಂಬಾಲಿಸಿ, ಪಕ್ಕದ ಪರದೆಯಲ್ಲಿ ತೋರಿಸುತ್ತದೆ. ಎಆರ್ ಮಾಡುವುದು ಇಷ್ಟೇ: ಆ ಪರದೆಯಲ್ಲಿದ್ದ ಚಿತ್ರವನ್ನು ತಂದು ಸರ್ಜನ್ನನ ಕಣ್ಣ ಮುಂದೆ, ರೋಗಿಯ ಬೆನ್ನಿನ ಮೇಲೆ ಕೂರಿಸುತ್ತದೆ.

ಇಸ್ರೇಲ್ ಮೂಲದ ಆಗ್ಮೆಡಿಕ್ಸ್ ಕಂಪನಿಯ ಎಕ್ಸ್‌ವಿಷನ್ ಎಂಬ ಕನ್ನಡಕಕ್ಕೆ ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಉಪಕರಣಗಳಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2019ರ ಡಿಸೆಂಬರಿನಲ್ಲಿ ಅನುಮತಿ ಕೊಟ್ಟಿತು, 2020ರ ಜೂನ್‌ನಲ್ಲಿ ಅಲ್ಲಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಅದನ್ನು ರೋಗಿಗೆ ಬಳಸಿದರು. ಅದಕ್ಕೂ ಮೊದಲು ಐದು ಮೃತದೇಹಗಳಲ್ಲಿ 120 ಸ್ಕ್ರೂ ಹಾಕಿ ಪರೀಕ್ಷಿಸಿದಾಗ ನೂರಕ್ಕೆ ತೊಂಬತ್ತೈದರ ಆಸುಪಾಸಿನ ನಿಖರತೆ ಬಂದಿತ್ತು. ಸ್ವೀಡನ್ನಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ನಡೆದ ಕೆಲಸ ಇನ್ನೊಂದು ಬಗೆಯದು. ಅಲ್ಲಿ ಕನ್ನಡಕವಿಲ್ಲ, ಎಕ್ಸ್‌ರೇ ಯಂತ್ರದಲ್ಲೇ ಅಳವಡಿಸಿದ ವಿಡಿಯೊ ಕ್ಯಾಮೆರಾಗಳು ಬೆನ್ನನ್ನು ನೇರವಾಗಿ ತೋರಿಸುವಾಗ ಅದರ ಮೇಲೆ ಸ್ಕ್ರೂವಿನ ದಾರಿಯನ್ನು ಮೂಡಿಸಲಾಗುತ್ತದೆ, ಸರ್ಜನ್ ಅದನ್ನು ಪರದೆಯಲ್ಲಿ ನೋಡುತ್ತಾರೆ. 20 ರೋಗಿಗಳಿಗೆ ಹಾಕಿದ 253 ಸ್ಕ್ರೂಗಳಲ್ಲಿ ಶೇ. 94.1 ಸ್ವೀಕಾರಾರ್ಹವಾಗಿದ್ದವು. ಅದೇ ತಂಡ ಮುಂದೆ ಹಳೆಯ ಪದ್ಧತಿಯ ರೋಗಿಗಳೊಡನೆ ಹೋಲಿಸಿದಾಗ ಎಆರ್ ಗುಂಪಿನಲ್ಲಿ ಶೇ. 93.9, ಸಿ-ಆರ್ಮ್ ಗುಂಪಿನಲ್ಲಿ ಶೇ. 89.6 ಬಂದಿತು. ಈ ವ್ಯತ್ಯಾಸ ನಿಜವಾದದ್ದೇ. ಆದರೆ ಆ ರೋಗಿಗಳಲ್ಲಿ ಬಹಳಷ್ಟು ಜನರದ್ದು ಡೊಂಕಾದ ಬೆನ್ನು, ಎದೆಯ ಮಟ್ಟದ ಸಣ್ಣ ಪೆಡಿಕಲ್‌ಗಳು. ಎದೆಯ ನಡುಭಾಗದಲ್ಲಿ ಪೆಡಿಕಲ್ ಅಗಲ 5 ಮಿ.ಮೀ. ಆಸುಪಾಸು, ಸೊಂಟದ ನಾಲ್ಕು ಮತ್ತು ಐದನೆಯ ಮಣಿಗಳಲ್ಲಿ ಸಾಮಾನ್ಯವಾಗಿ 10 ಮಿ.ಮೀ. ಮೀರಿರುತ್ತದೆ, ನಾವು ಅಲ್ಲಿ ಹಾಕುವ ಸ್ಕ್ರೂ ಹೆಚ್ಚಾಗಿ 6.5 ಮಿ.ಮೀ.ನದು. ನಿಮ್ಮ ತಾಯಿಯವರಿಗೆ ಹಾಕುವ ಜಾಗ ಇಡೀ ಬೆನ್ನಿನಲ್ಲೇ ಸಾಕಷ್ಟು ಉದಾರವಾದ ಜಾಗ.

ಹಾಗೆಂದು ಇದು ನಿರುಪಯೋಗಿ ಎನ್ನುತ್ತಿಲ್ಲ. ನಮ್ಮ ಭಾಗದಲ್ಲಿ ಕ್ಷಯ ತಿಂದ ಕಶೇರುಮಣಿಗಳನ್ನು ಇಂದಿಗೂ ನೋಡುತ್ತೇವೆ; ಮೂಳೆ ಕುಸಿದು ಆಕಾರವೇ ಬದಲಾಗಿರುವಾಗ, ಹಿಂದೊಮ್ಮೆ ಆಪರೇಷನ್ ಆಗಿ ಗುರುತುಗಳು ಅಳಿದಿರುವಾಗ, ರೋಗಿ ತುಂಬ ದಪ್ಪವಿದ್ದು ಬದಿಯ ಎಕ್ಸ್‌ರೇ ಮಸುಕಾಗಿ ಬರುವಾಗ ನ್ಯಾವಿಗೇಷನ್ ಕೈಗೆ ಸಿಕ್ಕರೆ ನಾನು ಬೇಡವೆನ್ನುವುದಿಲ್ಲ. ಆದರೆ ಗ್ರೇಡ್ 1 ಜಾರಿಕೆಗೆ, ಈ ಶಸ್ತ್ರಚಿಕಿತ್ಸೆಯನ್ನು ನಿಯಮಿತವಾಗಿ ಮಾಡುವ ಸರ್ಜನ್ ಸಿಕ್ಕಿದ್ದರೆ, ಕನ್ನಡಕಕ್ಕೆಂದೇ ಸಾಲ ಮಾಡಬೇಡಿ ಎಂಬುದು ನನ್ನ ಅಭಿಪ್ರಾಯ.

ಯಾದಗಿರಿ ಯಂತ್ರಶಾಲೆ

ನಾನು ವೈದ್ಯನಲ್ಲ, ಆಪರೇಷನ್ ಥಿಯೇಟರಿನ ಉಪಕರಣಗಳನ್ನು ಅಳವಡಿಸಿ ನೋಡಿಕೊಳ್ಳುವ ಬಯೋಮೆಡಿಕಲ್ ಇಂಜಿನಿಯರ್. ಮೇಲಿನ ಉತ್ತರದಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ, ಒಂದು ಮಾತಿಗೆ ತಕರಾರಿದೆ. ಅದನ್ನು ಕೊನೆಗೆ ಹೇಳುತ್ತೇನೆ.

ಕನ್ನಡಕದೊಳಗೆ ಕಾಣುವ ಮೂಳೆ ನಿಜವಾದ ಮೂಳೆಯಲ್ಲ, ಸ್ವಲ್ಪ ಹೊತ್ತಿನ ಹಿಂದೆ ತೆಗೆದ ಸಿಟಿ ಚಿತ್ರ. ಆ ಚಿತ್ರವನ್ನು ದೇಹದ ಮೇಲೆ ಸರಿಯಾದ ಜಾಗಕ್ಕೆ ಹೊಂದಿಸುವುದನ್ನು ರಿಜಿಸ್ಟ್ರೇಷನ್ ಎನ್ನುತ್ತಾರೆ. ಇದಕ್ಕಾಗಿ ರೋಗಿಯ ಬೆನ್ನುಮೂಳೆಯ ಮುಳ್ಳುಭಾಗಕ್ಕೆ ಅಥವಾ ಸೊಂಟದ ಮೂಳೆಗೆ ಗುರುತುಗಳಿರುವ ಒಂದು ಚೌಕಟ್ಟನ್ನು ಬಿಗಿಯುತ್ತಾರೆ. ಹೊಲದ ಸರ್ವೆ ನಕ್ಷೆ ಎಷ್ಟೇ ಸ್ವಚ್ಛವಾಗಿದ್ದರೂ ಬಾಂದುಕಲ್ಲು ಸರಿದಿದ್ದರೆ ಅಳತೆಯೆಲ್ಲ ಪಕ್ಕದವರ ಹೊಲಕ್ಕೆ ಹೋಗುತ್ತದೆಯಲ್ಲ, ಇಲ್ಲಿಯೂ ಹಾಗೆಯೇ: ಸಹಾಯಕರ ಮೊಣಕೈ ತಾಗಿ ಚೌಕಟ್ಟು ಕದಲಿದರೆ ಕನ್ನಡಕ ತಪ್ಪು ಜಾಗದಲ್ಲಿ ಬಹಳ ಸುಂದರವಾದ ಮೂಳೆಯನ್ನು ತೋರಿಸುತ್ತಿರುತ್ತದೆ. ತಾನು ತಪ್ಪಿದ್ದೇನೆಂದು ಅದಕ್ಕೆ ಗೊತ್ತಾಗುವುದಿಲ್ಲ. ಚೌಕಟ್ಟಿನಿಂದ ದೂರದ ಮಣಿಗೆ ಹೋದಷ್ಟೂ ತಪ್ಪು ಹೆಚ್ಚಬಹುದು, ಉಸಿರಾಟಕ್ಕೂ ಬೆನ್ನು ಅಲುಗಾಡುತ್ತದೆ, ಸುತ್ತಿಗೆಯಿಂದ ತಟ್ಟಿದಾಗ ಮಣಿಗಳು ಒಂದಕ್ಕೊಂದು ಸ್ವಲ್ಪ ಸರಿಯುತ್ತವೆ. ಒಳ್ಳೆಯ ಸರ್ಜನ್ ಪ್ರತಿ ಸ್ಕ್ರೂವಿಗೂ ಮೊದಲು ಉಪಕರಣದ ತುದಿಯನ್ನು ಗೊತ್ತಿರುವ ಒಂದು ಮೂಳೆಯ ಬಿಂದುವಿಗೆ ಮುಟ್ಟಿಸಿ, ಚಿತ್ರವೂ ಅದೇ ಬಿಂದುವನ್ನು ತೋರಿಸುತ್ತಿದೆಯೇ ಎಂದು ಪರೀಕ್ಷಿಸುತ್ತಾರೆ. ಕೀಹೋಲ್ ವಿಧಾನದಲ್ಲಿ ಅಂಥ ಬಿಂದುಗಳು ಹೆಚ್ಚು ಸಿಗುವುದಿಲ್ಲ ಎಂಬುದೇ ತೊಡಕು.

ಚಿತ್ರ ಯಾವಾಗ ತೆಗೆದದ್ದು ಎಂಬುದೂ ಮುಖ್ಯ. ವಾರದ ಹಿಂದೆ ಅಂಗಾತ ಮಲಗಿಸಿ ತೆಗೆದ ಸಿಟಿಯನ್ನು, ಆಪರೇಷನ್ ದಿನ ಬೋರಲಾಗಿ ಮಲಗಿದ ಬೆನ್ನಿನ ಮೇಲೆ ಒಟ್ಟಿಗೇ ಹೊಂದಿಸಿದರೆ ಮಣಿಮಣಿಗಳ ನಡುವಿನ ಕೋನ ಬದಲಾಗಿರುತ್ತದೆ. ಆದ್ದರಿಂದ ಒಂದೊಂದು ಮಣಿಯನ್ನೂ ಬೇರೆಬೇರೆಯಾಗಿ ಹೊಂದಿಸಬೇಕಾಗುತ್ತದೆ. ಮೇಜಿನ ಮೇಲೆಯೇ ತೆಗೆದ ಸಿಟಿಗೆ ಈ ತೊಂದರೆ ಬಹಳ ಮಟ್ಟಿಗೆ ಇಲ್ಲ. ನನ್ನನ್ನು ಕೇಳಿದರೆ ಥಿಯೇಟರಿನೊಳಗೆ ಸಿಟಿ ಇದೆಯೇ ಎಂಬ ಪ್ರಶ್ನೆ ಕನ್ನಡಕ ಇದೆಯೇ ಎಂಬ ಪ್ರಶ್ನೆಗಿಂತ ದೊಡ್ಡದು. ಅದಿದ್ದರೆ ಹೊಲಿಗೆ ಹಾಕುವ ಮೊದಲೇ ಮತ್ತೊಂದು ಚಿತ್ರ ತೆಗೆದು, ತಪ್ಪಿದ ಸ್ಕ್ರೂವನ್ನು ಅಲ್ಲೇ ಸರಿಪಡಿಸಬಹುದು. ಎರಡನೆಯ ಆಪರೇಷನ್ ತಪ್ಪುತ್ತದೆ.

ಯಾವ ಕನ್ನಡಕ ಎಂದು ಹೆಸರು ಕೇಳಿ. ಸಂಶೋಧನಾ ಲೇಖನಗಳಲ್ಲಿ ಹೆಚ್ಚಾಗಿ ಕಾಣುವ ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್ 2016ರಲ್ಲಿ ಬಂದದ್ದು, ಎರಡನೆಯ ಮಾದರಿ 2019ರದ್ದು, 2024ರಲ್ಲಿ ಕಂಪನಿ ಅದರ ತಯಾರಿಕೆಯನ್ನೇ ನಿಲ್ಲಿಸಿತು. ಅದನ್ನು ಮಾಡಿದ್ದು ಶಸ್ತ್ರಚಿಕಿತ್ಸೆಗೆಂದೇ ಅಲ್ಲ. ಅದರ ಚಿತ್ರದ ನಾಭಿದೂರ, ಅಂದರೆ ಚಿತ್ರ ಸ್ಪಷ್ಟವಾಗಿ ಕಾಣಲು ಕಣ್ಣು ನೆಡಬೇಕಾದ ದೂರ, ಸುಮಾರು 2 ಮೀಟರ್, ಸರ್ಜನ್ನನ ಕೈಗಳೋ ಅರ್ಧ ಮೀಟರಿನೊಳಗೆ. ಕಣ್ಣು ಕೈಯನ್ನು ಸ್ಪಷ್ಟವಾಗಿ ನೋಡಬೇಕೋ ಚಿತ್ರವನ್ನು ನೋಡಬೇಕೋ ಎಂಬ ಎಳೆದಾಟದಲ್ಲಿ ದಣಿಯುತ್ತದೆ, ಕೆಲವರಿಗೆ ತಲೆನೋವೂ ಬರುತ್ತದೆ. ಇದರ ಮೇಲೆ ಥಿಯೇಟರಿನ ದೊಡ್ಡ ದೀಪದ ಬೆಳಕಿಗೆ ಚಿತ್ರ ಮಾಸುತ್ತದೆ. ಶಸ್ತ್ರಚಿಕಿತ್ಸೆಗೆಂದೇ ರೂಪಿಸಿದ ಕನ್ನಡಕಗಳು ಈ ತೊಂದರೆಗಳನ್ನು ಕಡಿಮೆ ಮಾಡಲು ಪ್ರಯತ್ನಿಸಿವೆ. ಎಕ್ಸ್‌ವಿಷನ್‌ನಲ್ಲಿ ಹಿಂಬಾಲಿಸುವ ಕ್ಯಾಮೆರಾ ತಲೆಯ ಮೇಲೆಯೇ ಇರುವುದರಿಂದ, ಮೂಲೆಯಲ್ಲಿ ನಿಲ್ಲಿಸಿದ ಕ್ಯಾಮೆರಾಕ್ಕೆ ಯಾರಾದರೂ ಅಡ್ಡ ಬಂದು ಚಿತ್ರ ನಿಂತುಹೋಗುವ ಗೋಳೂ ಕಡಿಮೆ.

ಈಗ ತಕರಾರು. ಎಆರ್ ಮಾಡುವುದು ‘ಇಷ್ಟೇ’ ಎಂದು ಡಾಕ್ಟರ್ ಸಾಹೇಬರು ಬರೆದದ್ದು ಸ್ವಲ್ಪ ಅನ್ಯಾಯ. ಮಾಮೂಲು ನ್ಯಾವಿಗೇಷನ್‌ನಲ್ಲಿ ಸರ್ಜನ್ ಕೈಯನ್ನು ಗಾಯದ ಮೇಲಿಟ್ಟು ಕುತ್ತಿಗೆಯನ್ನು ಪರದೆಯ ಕಡೆಗೆ ತಿರುಗಿಸಿ ಕೆಲಸ ಮಾಡುತ್ತಾರೆ. ಕಣ್ಣು ಒಂದು ಕಡೆ, ಕೈ ಒಂದು ಕಡೆ. ನೋಡುತ್ತಾ ನಿಂತಿದ್ದಾಗ ಸೂಜಿಯ ತುದಿ ಚರ್ಮದ ಮೇಲೆ ಜಾರಿ ಬೇರೆಡೆ ಕೂರುವುದನ್ನು ಕಂಡಿದ್ದೇನೆ. ನೋಟವೂ ಕೈಯೂ ಒಂದೇ ಕಡೆ ಇರುವುದಕ್ಕೆ ಬೆಲೆಯಿದೆ, ಅದರಲ್ಲೂ ಏನೂ ಕಾಣದ ಕೀಹೋಲ್ ಕೆಲಸದಲ್ಲಿ. ಆ ಬೆಲೆಯನ್ನು ರೋಗಿ ಕೊಡಬೇಕೇ, ಆಸ್ಪತ್ರೆ ಕೊಡಬೇಕೇ ಎಂಬುದು ಬೇರೆ ಪ್ರಶ್ನೆ.

ಬೀದರ ಮೂಳೆವೈದ್ಯ

ತಕರಾರನ್ನು ಒಪ್ಪಿದೆ. ಆದರೆ ಚಿತ್ರ ಕೈಯ ಮೇಲೆಯೇ ಕೂತಾಗ ಅದರ ಕೆಳಗಿನ ನಿಜವಾದ ಗಾಯದತ್ತ ಗಮನ ಕಡಿಮೆಯಾಗುವ ಅಪಾಯವೂ ಇದೆ ಎಂಬುದನ್ನು ಸೇರಿಸಿಕೊಳ್ಳಿ. ಶಿಬಿರದಲ್ಲಿ ನಮ್ಮಲ್ಲಿ ಕೆಲವರು ಬಣ್ಣದ ಗೆರೆಯನ್ನೇ ಹಿಂಬಾಲಿಸಿ, ಕೈಗೆ ತಾಗುತ್ತಿದ್ದ ಗಟ್ಟಿ ಮೂಳೆಯ ಸೂಚನೆಯನ್ನು ಗಮನಿಸಲೇ ಇಲ್ಲ.

ಕಲಬುರಗಿ ನರಶಸ್ತ್ರ

ಇಷ್ಟೂ ಚರ್ಚೆ ಸ್ಕ್ರೂ ಹೇಗೆ ಹಾಕಬೇಕು ಎಂಬುದರ ಸುತ್ತ ನಡೆದಿದೆ. ಹಾಕಬೇಕೇ ಎಂದು ಯಾರೂ ಕೇಳಿಲ್ಲ.

ಮಾಸ್ತರರು ವಿವರಿಸಿದ ಲಕ್ಷಣ, ಅಂದರೆ ನಡೆದರೆ ಕಾಲು ಜೋಮು ಹಿಡಿಯುವುದು, ಕುಳಿತರೆ ಇಳಿಯುವುದು, ನಾಳ ಕಿರಿದಾಗಿ ನರಗಳು ಅದುಮಿದ್ದರಿಂದ ಬರುವ ತೊಂದರೆ. ಇದಕ್ಕೆ ಮೂಲ ಚಿಕಿತ್ಸೆ ಆ ಒತ್ತಡವನ್ನು ತೆಗೆಯುವುದು, ಅಂದರೆ ಡಿಕಂಪ್ರೆಷನ್. ಮಣಿ ಜಾರಿದೆಯಾದ್ದರಿಂದ ಒತ್ತಡ ತೆಗೆದ ಮೇಲೆ ಇನ್ನಷ್ಟು ಜಾರಬಹುದೆಂಬ ಭಯಕ್ಕೆ ಸ್ಕ್ರೂ ಮತ್ತು ಕೇಜ್ ಸೇರಿಸುತ್ತಾರೆ. ಈ ಭಯ ಎಷ್ಟು ನಿಜ ಎಂಬುದನ್ನು ನಾರ್ವೆಯ 16 ಆಸ್ಪತ್ರೆಗಳು ಸೇರಿ ಪರೀಕ್ಷಿಸಿದವು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ವಯಸ್ಸಿನಿಂದ ಮಣಿ ಜಾರಿದ 267 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಒಂದಕ್ಕೆ ಡಿಕಂಪ್ರೆಷನ್ ಮಾತ್ರ, ಇನ್ನೊಂದಕ್ಕೆ ಸ್ಕ್ರೂ ಸಹಿತ ಜೋಡಣೆಯನ್ನೂ ಮಾಡಿದರು. ದೈನಂದಿನ ಕೆಲಸದ ತೊಂದರೆ ಕನಿಷ್ಠ ಶೇ. 30ರಷ್ಟು ಕಡಿಮೆಯಾದವರು ಎರಡು ವರ್ಷದ ನಂತರ ಮೊದಲ ಗುಂಪಿನಲ್ಲಿ ಶೇ. 71.4, ಎರಡನೆಯದರಲ್ಲಿ ಶೇ. 72.9. ಮರಳಿ ಆಪರೇಷನ್ ಬೇಕಾದವರು ಕ್ರಮವಾಗಿ ಶೇ. 12.5 ಮತ್ತು 9.1. ಸ್ಕ್ರೂ ಇಲ್ಲದ ಗುಂಪು ಹಿಂದೆ ಬೀಳಲಿಲ್ಲ ಎಂಬುದು ಅವರ ತೀರ್ಮಾನ. ಇದಕ್ಕೂ ಮೊದಲು 2016ರಲ್ಲಿ ಸ್ವೀಡನ್ನಿನ 247 ರೋಗಿಗಳ ಅಧ್ಯಯನವೂ ಜೋಡಣೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಅದೇ ವರ್ಷ ಅಮೆರಿಕದ 66 ರೋಗಿಗಳ ಸಣ್ಣ ಅಧ್ಯಯನ ಮಾತ್ರ ಜೋಡಣೆಯ ಕಡೆಗೆ ಸ್ವಲ್ಪ ವಾಲಿತು.

ಸ್ಕ್ರೂವೇ ಬೇಡವಾದರೆ ಸ್ಕ್ರೂವನ್ನು ನಿಖರವಾಗಿ ಹಾಕುವ ಕನ್ನಡಕದ ಪ್ರಶ್ನೆ ಏಳುವುದೇ ಇಲ್ಲ. ಡಿಕಂಪ್ರೆಷನ್ ಕೂಡ ಕೊಳವೆಯ ಮೂಲಕ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಸಣ್ಣ ಗಾಯದಲ್ಲೇ ಆಗುತ್ತದೆ. 1997ರಲ್ಲಿ ಫೋಲಿ ಮತ್ತು ಸ್ಮಿತ್ ಎಂಬ ಅಮೆರಿಕದ ವೈದ್ಯರು ಡಿಸ್ಕ್ ತೆಗೆಯಲು ಕೊಳವೆಯ ದಾರಿಯನ್ನು ವಿವರಿಸಿದ ನಂತರ ಬೆಳೆದ ವಿಧಾನವಿದು.

ಬೀದರ ಮೂಳೆವೈದ್ಯ

ಸರ, ನಾರ್ವೆಯ ಅಧ್ಯಯನವನ್ನು ನಾನೂ ಓದಿದ್ದೇನೆ, ಅದನ್ನು ಇಲ್ಲಿ ಎತ್ತಿದ್ದು ಒಳ್ಳೆಯದಾಯಿತು. ಆದರೆ ಅದನ್ನು ಎಲ್ಲರಿಗೂ ಒಂದೇ ರೀತಿ ಅನ್ವಯಿಸಲಾಗದು. ಮುಂದೆ ಬಾಗಿದಾಗ ಮತ್ತು ಹಿಂದೆ ಬಾಗಿದಾಗ ತೆಗೆದ ಎಕ್ಸ್‌ರೇಗಳಲ್ಲಿ ಮಣಿ ಗಣನೀಯವಾಗಿ ಚಲಿಸುತ್ತಿದ್ದರೆ, ಕಾಲಿಗಿಂತ ಸೊಂಟದ ನೋವೇ ಮುಖ್ಯವಾಗಿದ್ದರೆ, ನರದ ಬೇರು ಹೊರಬರುವ ಬದಿಯ ಕಿಂಡಿಯೇ ಕುಗ್ಗಿದ್ದರೆ ನಾನು ಈಗಲೂ ಜೋಡಣೆಯ ಕಡೆಗೇ ಹೋಗುತ್ತೇನೆ. ಎಂಆರ್‌ಐ ತೆಗೆಯುವುದು ಮಲಗಿಸಿ. ನಿಂತಾಗ ಏನಾಗುತ್ತದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಮಾಸ್ತರರೇ, ನಿಂತು, ಬಾಗಿ ತೆಗೆದ ಎಕ್ಸ್‌ರೇಗಳು ನಿಮ್ಮ ಕಡತದಲ್ಲಿ ಇವೆಯೇ? ಇಲ್ಲವಾದರೆ ಸಾಧಾರಣ ಎಕ್ಸ್‌ರೇ ಯಂತ್ರವಿರುವ ಎಲ್ಲಿಯಾದರೂ ಮಾಡಿಸಬಹುದು, ಅದಕ್ಕಾಗಿ ಹೈದರಾಬಾದಿಗೆ ಹೋಗಬೇಕಿಲ್ಲ.

ಸೇಡಂ ಮಾಸ್ತರ

ಕಡತವನ್ನು ಬಿಚ್ಚಿ ನೋಡಿದೆ. ಎಂಆರ್‌ಐ ಮತ್ತು ಮಲಗಿಸಿ ತೆಗೆದ ಒಂದು ಎಕ್ಸ್‌ರೇ ಮಾತ್ರ ಇವೆ. ಸೊಂಟದ ನೋವಿನ ಬಗ್ಗೆ ಅವ್ವನನ್ನೇ ಕೇಳಿದೆ: ಸೊಂಟ ಹೇಗೋ ತಡೆಯುತ್ತೇನೆ, ಕಾಲು ಹೋದಂತಾಗುವುದೇ ಕಷ್ಟ ಎಂದಳು. ಬಾಗಿಸಿ ಎಕ್ಸ್‌ರೇ ಮಾಡಿಸುತ್ತೇನೆ. ನಿಮ್ಮೆಲ್ಲರಿಗೂ ಋಣಿ.

ಎರಡು ಸಂಗತಿ ಕೇಳುವುದಿದೆ. ಥಿಯೇಟರಿನೊಳಗಿನ ಸಿಟಿ ಒಳ್ಳೆಯದೆಂದು ಇಂಜಿನಿಯರ್ ಅಣ್ಣನವರು ಬರೆದಿದ್ದಾರೆ; ಅದರಿಂದ ಅವ್ವನ ಮೇಲೆ ಬೀಳುವ ಕಿರಣ ಹೆಚ್ಚಾಗುವುದಿಲ್ಲವೇ? ಮತ್ತು ನಮ್ಮದು ಬಿಪಿಎಲ್ ಕಾರ್ಡ್, ಆಯುಷ್ಮಾನ್ ಯೋಜನೆಯಡಿ ಇಂಥ ತಂತ್ರಜ್ಞಾನಕ್ಕೆ ಹಣ ಬರುತ್ತದೆಯೇ?

ಸುರಪುರ ಫಿಜಿಯೊ

ಎರಡನೆಯದಕ್ಕೆ ನಾನು ಉತ್ತರಿಸುತ್ತೇನೆ, ನಮ್ಮಲ್ಲಿಗೆ ಬರುವವರಿಗೆ ದಿನವೂ ಹೇಳುವ ವಿಷಯವಿದು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಹಣ ನಿಗದಿಯಾಗಿರುವುದು ಚಿಕಿತ್ಸೆಗೆ, ಅದನ್ನು ಯಾವ ಯಂತ್ರದಿಂದ ಮಾಡಿದರು ಎಂಬುದಕ್ಕಲ್ಲ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ಪಡೆದು ಮುಂದೆ ಹೋಗುವುದು ಕ್ರಮ. ಸೇಡಂನಿಂದ ನಿಮಗೆ ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಜಿಮ್ಸ್ ಹತ್ತಿರ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಕೂತಿರುತ್ತಾರೆ, ಅಂದಾಜು ಪಟ್ಟಿಗೆ ಸಹಿ ಹಾಕುವ ಮೊದಲು ಅವರನ್ನು ಕಾಣಿರಿ. ಸಹಿ ಹಾಕಿ, ಮುಂಗಡ ಕಟ್ಟಿ, ಆಮೇಲೆ ಕಾರ್ಡ್ ತೋರಿಸುವವರನ್ನು ಬಹಳ ನೋಡಿದ್ದೇನೆ.

ಕೇಳದೆಯೇ ಒಂದು ಮಾತು. ಕಾಲಿನ ಬಲ ಕುಗ್ಗದೆ ಬರೀ ಜೋಮು ಮತ್ತು ನೋವು ಇರುವವರಿಗೆ ಆತುರದ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಇಂಥವರಿಗೆ ನಡಿಗೆಗಿಂತ ಮುಂದಕ್ಕೆ ಬಾಗಿ ಕೂರುವ ಸೈಕಲ್ ವ್ಯಾಯಾಮ ಹಗುರ. ಬಾಗಿದಾಗ ನಾಳ ಸ್ವಲ್ಪ ತೆರೆದುಕೊಳ್ಳುತ್ತದೆ. ಆದರೆ ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದೆ ಹೋದರೆ, ಕೂರುವ ಜಾಗದಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಪಾದ ಎತ್ತಲಾಗದೆ ನೆಲಕ್ಕೆ ಎಳೆದಂತಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಆಗ ಕನ್ನಡಕ, ಕಾರ್ಡ್ ಯಾವುದರ ಲೆಕ್ಕವೂ ಬೇಡ.

ಬೀದರ ಮೂಳೆವೈದ್ಯ

ಕಿರಣದ ಪ್ರಶ್ನೆಗೆ. ಮೇಜಿನ ಮೇಲೆ ತೆಗೆಯುವ ಸಿಟಿಯಿಂದ ರೋಗಿಗೆ ಒಂದಿಷ್ಟು ಕಿರಣ ಬೀಳುವುದು ನಿಜ, ಕೆಲವೊಮ್ಮೆ ಅದು ಸಿ-ಆರ್ಮ್‌ನಲ್ಲಿ ಬೀಳುವುದಕ್ಕಿಂತ ಹೆಚ್ಚೂ ಆಗಬಹುದು. ಇದರಲ್ಲಿ ದೊಡ್ಡ ಲಾಭ ಸಿಬ್ಬಂದಿಗೆ: ಚಿತ್ರ ತೆಗೆಯುವಾಗ ಎಲ್ಲರೂ ಹೊರಗೆ ನಿಲ್ಲುತ್ತಾರೆ, ಆಮೇಲೆ ಸೀಸದ ಏಪ್ರನ್ ಇಲ್ಲದೆಯೇ ಕೆಲಸ ಸಾಗುತ್ತದೆ. ವರ್ಷಪೂರ್ತಿ ಇದೇ ಕೆಲಸ ಮಾಡುವವರಿಗೆ ಅದು ಸಣ್ಣ ವಿಷಯವಲ್ಲ. 58 ವರ್ಷದವರಿಗೆ ಒಂದೆರಡು ಬಾರಿ ಬೀಳುವ ಆ ಪ್ರಮಾಣಕ್ಕೆ ಹೆದರಿ ನಿರ್ಧಾರ ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಇನ್ನೊಂದನ್ನು ಆಗಲೇ ಬರೆಯಬೇಕಿತ್ತು. ಮುಟ್ಟು ನಿಂತ ಮೇಲೆ ಹೆಣ್ಣುಮಕ್ಕಳ ಮೂಳೆ ಟೊಳ್ಳಾಗುವುದು ಸಾಮಾನ್ಯ, ಅಂಥ ಮೂಳೆಯಲ್ಲಿ ಅತ್ಯಂತ ನಿಖರವಾಗಿ ಕೂರಿಸಿದ ಸ್ಕ್ರೂ ಕೂಡ ತಿಂಗಳುಗಳಲ್ಲಿ ಸಡಿಲವಾಗಬಹುದು. ಎಆರ್ ಸ್ಕ್ರೂವಿನ ದಾರಿಯನ್ನು ತೋರಿಸುತ್ತದೆ, ಮೂಳೆಯ ಹಿಡಿತವನ್ನು ಹೆಚ್ಚಿಸುವುದಿಲ್ಲ. ಕೊನೆಗೆ ಜೋಡಣೆಯೇ ಬೇಕೆಂದಾದರೆ ಮೊದಲು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಮಾಡಿಸಿ. ಅದರ ವರದಿಯಲ್ಲಿ ಬರುವ ಟಿ-ಸ್ಕೋರ್ ಎಂಬ ಅಂಕ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆಗೆ ಔಷಧಿ ಆರಂಭಿಸುವುದು, ಸ್ಕ್ರೂವಿನ ಸುತ್ತ ಸಿಮೆಂಟ್ ತುಂಬುವುದು ಇಂಥ ದಾರಿಗಳ ಬಗ್ಗೆ ಸರ್ಜನ್ ಮೊದಲೇ ಯೋಚಿಸಬೇಕಾಗುತ್ತದೆ. ಸಿಟಿ ತೆಗೆದಿದ್ದರೆ ಅದರಿಂದಲೂ ಮೂಳೆಯ ಸಾಂದ್ರತೆಯ ಅಂದಾಜು ಸಿಗುತ್ತದೆ, ರೇಡಿಯಾಲಜಿಸ್ಟ್ ಅವರನ್ನು ಕೇಳಿದರೆ ಅಳೆದು ಹೇಳುತ್ತಾರೆ. ಬಾಗಿಸಿದ ಎಕ್ಸ್‌ರೇ ಬಂದ ಮೇಲೆ, ಹೆಸರು ಮತ್ತು ನೋಂದಣಿ ಸಂಖ್ಯೆ ಮುಚ್ಚಿ, ಇಲ್ಲಿ ಹಾಕಿ. ನಾನೂ ನರಶಸ್ತ್ರ ಸರರೂ ನೋಡುತ್ತೇವೆ.